ಬೆಂಗಳೂರಿನಲ್ಲಿ ಹಾಡಿದ ರೇಡಿಯೊ ಮೈಸೂರಿನಲ್ಲಿ ಯಾಕೆ ತೊದಲುತ್ತದೆ?

ಪ್ರಶ್ನೆ: ಮಗ ಅಮೆರಿಕದಿಂದ ಬರುವಾಗ ಒಂದು ಟೇಬಲ್ ರೇಡಿಯೊ ತಂದುಕೊಟ್ಟ. ನಂಬರ್ ತೋರಿಸುವ ಡಿಜಿಟಲ್ ಸೆಟ್. ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾಗ 91.1, 92.7, 98.3, ವಿವಿಧ ಭಾರತಿಯ 102.9 ಎಲ್ಲ ಸೊಗಸಾಗಿ ಬರುತ್ತಿತ್ತು. ಮೈಸೂರಿನ ನಮ್ಮ ಮನೆಗೆ ತಂದ ಮೇಲೆ, ನನಗೆ ಬೇಕಾದ ಆಕಾಶವಾಣಿ 100.6 ಒಂದೇ ಸರಿಯಾಗಿ ಬರುತ್ತಿಲ್ಲ. ಗುಂಡಿ ಒತ್ತಿದರೆ 100.5ರಿಂದ ನೇರ 100.7ಕ್ಕೆ ಹಾರುತ್ತದೆ. ಎರಡು ಕಡೆಯೂ ಧ್ವನಿ ಹರಿದಂತೆ ಕೇಳುತ್ತದೆ. ‘ಅಮೆರಿಕದ ಸೆಟ್ ನಮ್ಮ ದೇಶಕ್ಕೆ ಆಗಲ್ಲ, ಬಿಡಿ’ ಎಂದರು ಅಂಗಡಿಯವರು. ಎಫ್‌ಎಂ ಕೂಡ ದೇಶ ದೇಶಕ್ಕೆ ಬೇರೆಯೇ? ಹಾಗಿದ್ದರೆ ಬೆಂಗಳೂರಿನಲ್ಲಿ ಹೇಗೆ ಬಂತು?
— ಮೈಸೂರಿನ ಓದುಗರೊಬ್ಬರು

ಉತ್ತರ: ನಿಮ್ಮ ರೇಡಿಯೊ ಕೆಟ್ಟಿಲ್ಲ ಸರ್. ಅಂಗಡಿಯವರು ಹೇಳಿದ್ದು ಅರ್ಧ ನಿಜ. ಕಾರಣವನ್ನು ನೀವೇ ಬರೆದಿದ್ದೀರಿ: 100.5ರಿಂದ ನೇರ 100.7. ನಿಮ್ಮ ಸೆಟ್‌ಗೆ ಬೆಸ ಅಂಕಿಗಳು ಮಾತ್ರ ಗೊತ್ತು. 100.6 ಎಂಬ ನಂಬರ್ ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಈಗ ಬೆಂಗಳೂರಿನ ಪಟ್ಟಿ ನೋಡಿ. 91.1, 91.9, 92.7, 93.5, 94.3, 98.3, 101.3, 102.9. ಕೊನೆಯ ಅಂಕಿ ಎಲ್ಲವೂ ಬೆಸ, ಅಲ್ವಾ? ಅದಕ್ಕೇ ಅಲ್ಲಿ ತೊಂದರೆ ಗೊತ್ತಾಗಲಿಲ್ಲ. ಅಲ್ಲೇ 104.0 ಅಥವಾ ಸಮುದಾಯ ರೇಡಿಯೊದ 90.4 ಹಾಕಿದ್ದರೆ ಅವತ್ತೇ ಗುಟ್ಟು ಬಯಲಾಗುತ್ತಿತ್ತು. ಇದೇ ಸೆಟ್ ಹಿಡಿದು ಮಡಿಕೇರಿಗೆ ಹೋಗಿ, 103.1 ಚೆನ್ನಾಗಿ ಬರುತ್ತದೆ. ಹಾಸನಕ್ಕೆ ಹೋಗಿ, 102.2 ಮತ್ತೆ ಕೈಕೊಡುತ್ತದೆ.

ಈ ಬೆಸ ಅಂಕಿಯ ಹಟ ಅಮೆರಿಕಕ್ಕೆ ಎಲ್ಲಿಂದ ಬಂತು ಅನ್ನುವುದಕ್ಕೆ ಮುಂಚೆ, ಧ್ವನಿ ಹರಿಯುವುದು ಯಾಕೆ ಅಂತ ಹೇಳಿಬಿಡುತ್ತೇನೆ. 100.6 ಅಂದರೆ ಗಾಳಿಯಲ್ಲಿ ಒಂದು ಚುಕ್ಕಿ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಅದೊಂದು ಜೋಕಾಲಿ. ಹಾಡು, ಮಾತು ಬಂದಾಗ ಸ್ಟೇಶನ್ನಿನ ಫ್ರೀಕ್ವೆನ್ಸಿ ಆ ಕಡೆ ಈ ಕಡೆ ತೂಗುತ್ತದೆ. ಸದ್ದು ಜೋರಾದಷ್ಟೂ ತೂಗುವ ದೂರ ಜಾಸ್ತಿ. ಎಫ್‌ಎಂ ಅಂದರೆ ಇಷ್ಟೇ. ಈ ತೂಗಾಟ ಒಂದೊಂದು ಕಡೆಗೆ 75 ಕಿಲೋಹರ್ಟ್ಸ್ ಮೀರಬಾರದು ಅನ್ನುವುದು ನಿಯಮ. ಡಯಲ್ಲಿನ ನಂಬರ್ ಮೆಗಾಹರ್ಟ್ಸ್‌ನದು, ಸಾವಿರ ಕಿಲೋಹರ್ಟ್ಸ್ ಸೇರಿದರೆ ಒಂದು ಮೆಗಾಹರ್ಟ್ಸ್. ಅಂದರೆ ನಿಮ್ಮ 100.6 ಹೆಚ್ಚೆಂದರೆ 100.525ರಿಂದ 100.675ರವರೆಗೆ ತೂಗಾಡುತ್ತದೆ. ಅಂಚಿನ ಚೂರುಪಾರು ಸೇರಿಸಿದರೆ ಒಂದು ಸ್ಟೇಶನ್ನಿಗೆ ಸುಮಾರು 200 ಕಿಲೋಹರ್ಟ್ಸ್ ಜಾಗ ಬೇಕು.

ರೇಡಿಯೊದ ಒಳಗೆ ಒಂದು ಫಿಲ್ಟರ್ ಇರುತ್ತದೆ. ಅದು ಬಾಗಿಲಿದ್ದ ಹಾಗೆ, ಹೆಚ್ಚುಕಡಿಮೆ ಒಂದು ಜೋಕಾಲಿಯ ಅಗಲ. ನೀವು 100.5ಕ್ಕೆ ನಿಲ್ಲಿಸಿದಾಗ ಬಾಗಿಲು ಪಕ್ಕಕ್ಕೆ ಸರಿದಿರುತ್ತದೆ. ಜೋಕಾಲಿ ಮೇಲಿನ ಕಡೆಗೆ ತೂಗಿದಾಗೆಲ್ಲ ಚೌಕಟ್ಟಿಗೆ ಬಡಿಯುತ್ತದೆ. ಗಮನ ಕೊಟ್ಟು ಕೇಳಿ: ವಾರ್ತೆ ಓದುವವರು ಮೆತ್ತಗೆ ಮಾತಾಡುವಾಗ ಅಷ್ಟೇನೂ ತೊಂದರೆ ಇರುವುದಿಲ್ಲ. ನಾಗಸ್ವರ ಜೋರಾದಾಗ, ‘ಸ’, ‘ಷ’ ಬಂದಾಗ ಕರಕರ ಅನ್ನುತ್ತದೆ. ಹೌದಲ್ವಾ?

ಹಳೆಯ ಕಾಲದ ಮುಳ್ಳಿನ ರೇಡಿಯೊದಲ್ಲಿ ಈ ತಾಪತ್ರಯ ಇರಲಿಲ್ಲ. ಮುಳ್ಳನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು. ಡಿಜಿಟಲ್ ಸೆಟ್ ಹಾಗಲ್ಲ. ಅದು ಮೆಟ್ಟಿಲು ಹತ್ತುತ್ತದೆ. ಒಂದು ಮೆಟ್ಟಿಲು ಎಷ್ಟು ಎತ್ತರ ಅನ್ನುವುದನ್ನು ಫ್ಯಾಕ್ಟರಿಯಲ್ಲೇ, ಮಾರುವ ದೇಶ ನೋಡಿ, ಇಟ್ಟಿರುತ್ತಾರೆ. ಅಮೆರಿಕಕ್ಕೆ 200 ಕಿಲೋಹರ್ಟ್ಸ್ ಮೆಟ್ಟಿಲು. ನಮಗೆ, ಯುರೋಪಿಗೆ, ದುಬೈ ಕಡೆಗೆ 100. ಕೆಲವು ಸೆಟ್‌ಗಳಲ್ಲಿ 50.

ಇದು ಬರೀ ಕಂಪನಿಗಳ ಹುಚ್ಚಾಟ ಅಂತ ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ. ಅಲ್ಲ. ಸೈಟ್ ಹಂಚುವ ರೀತಿಯೇ ಬೇರೆ.

ಬೆಂಗಳೂರಿನ ಬಡಾವಣೆ ನೆನೆಸಿಕೊಳ್ಳಿ. ಎಲ್ಲ ಸೈಟೂ 30-40. ಕಾಂಪೌಂಡ್‌ಗೆ ಕಾಂಪೌಂಡ್ ತಾಗಿರುತ್ತದೆ. ಅಮೆರಿಕದವರು ಮಾಡಿದ್ದು ಇದನ್ನೇ. 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಜಾಗವನ್ನು 200 ಕಿಲೋಹರ್ಟ್ಸ್ ಅಗಲದ ನೂರು ಸೈಟ್ ಮಾಡಿದರು. ಮೊದಲ ಸೈಟ್ 88.0ರಿಂದ 88.2. ಮನೆ ಕಟ್ಟುವುದು ಸೈಟಿನ ನಡುಮಧ್ಯೆ, ಅಂದರೆ 88.1. ಮುಂದಿನದು 88.3. ಹೀಗೆ ಹೋಗಿ ಕೊನೆಯದು 107.9. ಗೋಡೆ ಸಮ ಅಂಕಿಯ ಮೇಲೆ ಬಿತ್ತು, ಮನೆ ಬೆಸ ಅಂಕಿಯ ಮೇಲೆ ಬಂತು. ಅಷ್ಟೇ ಗುಟ್ಟು. ಈ ನೂರು ಸೈಟಿಗೆ ಅವರು ಕೊಟ್ಟ ನಂಬರ್ 201ರಿಂದ 300. ಕೇಳುಗರು ಯಾರೂ ಆ ನಂಬರ್ ಬಳಸುವುದಿಲ್ಲ, ಕಡತದಲ್ಲಿ ಮಾತ್ರ ಇದೆ. ಆಮೇಲೆ ತುದಿಯಲ್ಲಿ 87.9 ಅಂತ ಇನ್ನೊಂದು ತುಂಡು ಜಾಗವನ್ನೂ 200ನೇ ನಂಬರ್ ಕೊಟ್ಟು ಸೇರಿಸಿಕೊಂಡರು.

ಯುರೋಪಿನವರು ಗೋಡೆ ಕಟ್ಟಲಿಲ್ಲ, ಗೂಟ ಹೊಡೆದರು. 1984ರಲ್ಲಿ ಜಿನೀವಾದಲ್ಲಿ ಕೂತು ಮಾಡಿದ ಒಪ್ಪಂದದಲ್ಲಿ 87.5ರಿಂದ 108ರವರೆಗೆ 100 ಕಿಲೋಹರ್ಟ್ಸ್‌ಗೆ ಒಂದರಂತೆ ಗೂಟ. ಯಾವ ಗೂಟಕ್ಕಾದರೂ ಸ್ಟೇಶನ್ ಕಟ್ಟಬಹುದು. ಆದರೆ ಒಂದೇ ಊರಿನಲ್ಲಿ ಪಕ್ಕಪಕ್ಕದ ಗೂಟಕ್ಕೆ ಎರಡು ಸ್ಟೇಶನ್ ಕಟ್ಟುವ ಹಾಗಿಲ್ಲ, ಜೋಕಾಲಿಗಳು ಡಿಕ್ಕಿ ಹೊಡೆಯುತ್ತವೆ. ಹಾಗಾದರೆ ಅಷ್ಟು ಹತ್ತಿರ ಗೂಟ ಯಾಕೆ? ದೂರದ ಊರಿನ ಸಲುವಾಗಿ. ಇನ್ನೂರು ಮುನ್ನೂರು ಕಿಲೋಮೀಟರ್ ಆಚೆಯ ಸ್ಟೇಶನ್ ನಿಮ್ಮದೇ ಫ್ರೀಕ್ವೆನ್ಸಿಯಲ್ಲಿದ್ದರೆ ಅದರ ಕಾಟ ಒಂದು ಬಗೆ. ಅದೇ ಸ್ಟೇಶನ್ 100 ಕಿಲೋಹರ್ಟ್ಸ್ ಪಕ್ಕಕ್ಕಿದ್ದರೆ ಕಾಟ ಎಷ್ಟೋ ಕಮ್ಮಿ. ಯುರೋಪಿನಲ್ಲಿ ಬೆಳಗ್ಗೆ ಕಾರು ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಮೂರು ದೇಶ ದಾಟಬಹುದು. ಅಂಥ ಕಡೆ ಗಡಿಯ ಜಗಳ ಬಿಡಿಸುವುದಕ್ಕೆ ಈ ಸಣ್ಣ ಗೂಟಗಳೇ ಅನುಕೂಲ.

ಇಟಲಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1976ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಸ್ಥಳೀಯ ಖಾಸಗಿ ಪ್ರಸಾರಕ್ಕೆ ಬಾಗಿಲು ತೆರೆಯಿತು. ಸಿಕ್ಕ ಸಿಕ್ಕವರೆಲ್ಲ ಸ್ಟೇಶನ್ ಹಾಕಿದರು. ಸಂತೆಯಲ್ಲಿ ಚೀಲ ಹಾಸಿ ಜಾಗ ಹಿಡಿಯುತ್ತಾರಲ್ಲ, ಹಾಗೆ. ಎರಡು ಗೂಟದ ಮಧ್ಯದಲ್ಲೂ, ಅಂದರೆ 50 ಕಿಲೋಹರ್ಟ್ಸ್‌ನ ಮೇಲೂ ಕೂತರು. ಕಾರಿನ ರೇಡಿಯೊದಲ್ಲಿ ಸ್ಟೇಶನ್ ಹೆಸರು ತೋರಿಸುವ ಆರ್‌ಡಿಎಸ್ ಅಂತ ಒಂದು ವ್ಯವಸ್ಥೆ ಇದೆ. ಊರು ಬದಲಾದರೆ ಅದೇ ಸ್ಟೇಶನ್ನಿನ ಬೇರೆ ಫ್ರೀಕ್ವೆನ್ಸಿಗೆ ತಾನೇ ಹೋಗುತ್ತದೆ. ಆದರೆ ಆ ಫ್ರೀಕ್ವೆನ್ಸಿಗಳ ಪಟ್ಟಿಯ ಲೆಕ್ಕ ಇರುವುದು 87.6ರಿಂದ 107.9ರವರೆಗೆ 100 ಕಿಲೋಹರ್ಟ್ಸ್‌ಗೊಂದರಂತೆ. ನಡುವೆ ಕೂತವರಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ!

ನಮ್ಮಲ್ಲಿ ಹೇಗೆ? ಗೂಟ ಯುರೋಪಿನದು. ಆದರೆ ಒಂದೇ ಊರಿನ ಖಾಸಗಿ ಸ್ಟೇಶನ್‌ಗಳ ನಡುವೆ 800 ಕಿಲೋಹರ್ಟ್ಸ್ ಬಿಡಬೇಕು ಅಂತ ಸರ್ಕಾರದ ಲೆಕ್ಕಾಚಾರ ಇತ್ತು. ಬೆಂಗಳೂರಿನ ಪಟ್ಟಿಗೆ ಮತ್ತೆ ಹೋಗಿ: 91.1ಕ್ಕೆ 0.8 ಕೂಡಿಸಿ, 91.9. ಇನ್ನೊಮ್ಮೆ ಕೂಡಿಸಿ, 92.7. ಆಮೇಲೆ 93.5, 94.3. ಐದು ಸಲ ಹೆಜ್ಜೆ ಹಾಕಿದರೆ 98.3. ಬೆಸಕ್ಕೆ ಸಮ ಕೂಡಿಸಿದರೆ ಬೆಸವೇ ಬರುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೇವಲ್ಲ. ನಿಮ್ಮ ಅಮೆರಿಕದ ರೇಡಿಯೊ ಬೆಂಗಳೂರಿನಲ್ಲಿ ಹಾಡಿದ್ದು ಈ ಲೆಕ್ಕದ ಪುಣ್ಯದಿಂದ.

ಇನ್ನೂ ತಮಾಷೆ ಅಂದರೆ, ನ್ಯೂಯಾರ್ಕಿನ ಪಟ್ಟಿಯೂ ಇದೇ ಹೆಜ್ಜೆಯದು. 92.3, 93.1, 93.9, 94.7, 95.5, 96.3, 97.1... ಎಲ್ಲ 0.8. ಫಿಲಿಪೀನ್ಸಿನ ಮನಿಲಾದಲ್ಲೂ ಹಾಗೇ. 800 ಅನ್ನುವುದು ಹಳೆಯ, ಅಗ್ಗದ ರೇಡಿಯೊಗಳನ್ನು ಮನಸ್ಸಿನಲ್ಲಿಟ್ಟು ಹಾಕಿದ ಅಂತರ. ಈಗಿನ ಸೆಟ್‌ಗಳಿಗೆ ಅಷ್ಟು ಬೇಡ. ಅಂತರ 400 ಕಿಲೋಹರ್ಟ್ಸ್ ಇದ್ದರೆ ಪಕ್ಕದ ಸ್ಟೇಶನ್ ನೂರು ಪಟ್ಟು ಬಲವಾಗಿದ್ದರೂ ನಿಮ್ಮದು ಚೆನ್ನಾಗಿ ಕೇಳಬೇಕು ಅನ್ನುವುದು ಅಂತರರಾಷ್ಟ್ರೀಯ ಅಳತೆಗೋಲು. ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಕೂಡ 2012ರಲ್ಲಿ 400 ಸಾಕು ಅಂತ ಶಿಫಾರಸು ಮಾಡಿತು. ನನ್ನ ಮಟ್ಟಿಗೆ ಅದು ಸರಿಯಾದ ಮಾತು. ಊರಿನಲ್ಲಿ ಹತ್ತು ಸ್ಟೇಶನ್‌ಗೇ ಜಾಗ ಸಾಲದು ಅಂತ ಅನ್ನುವುದು, ಖಾಲಿ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಟವೆಲ್ ಹಾಕಿದ ಹಾಗೆ.

ಬ್ರಿಟನ್ನಿನಲ್ಲಿ ಇನ್ನೊಂದು ಬಗೆ. 1955ರಲ್ಲಿ ಬಿಬಿಸಿ ಲಂಡನ್ ಹತ್ತಿರದ ರೂಟಮ್‌ನಿಂದ ಎಫ್‌ಎಂ ಶುರು ಮಾಡಿದಾಗ ಮೂರು ವಾಹಿನಿಗೆ ಇಟ್ಟ ಫ್ರೀಕ್ವೆನ್ಸಿ 89.1, 91.3, 93.5. ನಡುವೆ 2.2 ಮೆಗಾಹರ್ಟ್ಸ್! ಇವತ್ತಿಗೂ ಅವು ಅಲ್ಲೇ ಇವೆ. ಲಂಡನ್ನಿನಲ್ಲಿರುವ ನಿಮ್ಮ ನೆಂಟರಿಗೆ ಹೇಳಿ, ರೇಡಿಯೊ 2, 3, 4 ಹಾಕಿ ನೋಡಲಿ.

ಇಷ್ಟು ಹೊತ್ತು ಮೆಟ್ಟಿಲ ಮಾತಾಯಿತು. ಬ್ಯಾಂಡೇ, ಅಂದರೆ ಎಫ್‌ಎಂಗೆ ಕೊಟ್ಟ ಜಾಗವೇ, ಬೇರೆ ಇರುವ ದೇಶಗಳೂ ಇವೆ. ಅಲ್ಲಿಗೆ ಹೋದರೆ ನಿಮ್ಮ ಸೆಟ್ ತೊದಲುವುದಿಲ್ಲ, ಮೂಕವಾಗುತ್ತದೆ.

ನನಗೆ ಇದು ಗೊತ್ತಾದದ್ದು ದುಡ್ಡು ಕಳಕೊಂಡು. ಸುಮಾರು ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಜಪಾನ್ ರೇಡಿಯೊ ತಗೊಂಡೆ. ಎಂಥ ಚೆಂದದ ಸೆಟ್! ಡಯಲ್ ಮೇಲೆ ಎಫ್‌ಎಂ ಪಕ್ಕದಲ್ಲಿ ‘ಟಿವಿ 1-3’ ಅಂತ ಬರೆದಿತ್ತು. ‘ಟಿವಿ ಸೌಂಡೂ ಬರುತ್ತೆ ಸಾರ್’ ಅಂದ ಅಂಗಡಿಯವನು. ಮನೆಗೆ ತಂದು ಹಾಕಿದರೆ ಎಫ್‌ಎಂ ಕಡೆ ಬರೀ ಶ್ ಶ್ ಸದ್ದು. ಡಯಲ್ 76ರಿಂದ ಶುರುವಾಗಿ 90ಕ್ಕೆ ಮುಗಿಯುತ್ತಿತ್ತು. ಬೆಂಗಳೂರಿನ ಸ್ಟೇಶನ್‌ಗಳೆಲ್ಲ 90ರಿಂದ ಮೇಲೆ. ಸಿಟ್ಟಿನಲ್ಲಿ ‘ಟಿವಿ’ ಕಡೆಗೆ ತಿರುಗಿಸಿದೆ. ವಿವಿಧ ಭಾರತಿ ಹಾಡತೊಡಗಿತು!

ಯಾಕೆಂದರೆ ಜಪಾನಿನಲ್ಲಿ 90ರಿಂದ 108ರವರೆಗಿನ ಜಾಗ ಟಿವಿಯ 1, 2, 3ನೇ ಚಾನೆಲ್‌ಗಳದ್ದಾಗಿತ್ತು. ಎಫ್‌ಎಂಗೆ ಉಳಿದದ್ದು ಅದರ ಕೆಳಗಿನ 76-90. ಟೋಕಿಯೊದ ಎನ್‌ಎಚ್‌ಕೆ ಎಫ್‌ಎಂ ಇರುವುದು 82.5ರಲ್ಲಿ. ನಮ್ಮ ಹಳೆಯ ಸೆಟ್ ಅಲ್ಲಿಗೆ ಒಯ್ದರೆ ಅದು ಸಿಗುವ ಮಾತೇ ಇಲ್ಲ. 2011-12ರಲ್ಲಿ ಜಪಾನ್ ಹಳೆಯ ಅನಲಾಗ್ ಟಿವಿ ನಿಲ್ಲಿಸಿತು. ಖಾಲಿಯಾದ ಜಾಗದಲ್ಲಿ 95ರವರೆಗೆ ಎಫ್‌ಎಂ ಬೆಳೆಯಿತು. ಮೀಡಿಯಂ ವೇವ್ ಸ್ಟೇಶನ್‌ಗಳು ಅದೇ ಕಾರ್ಯಕ್ರಮವನ್ನು ಅಲ್ಲಿಯೂ ಹಾಕುತ್ತಿವೆ.

ಜಪಾನಿನ ಹಳೆಯ ಕಾರು ಕೊಳ್ಳುವ ದೇಶಗಳಲ್ಲಿ, ಉದಾಹರಣೆಗೆ ನ್ಯೂಜಿಲೆಂಡ್, ಕೆನ್ಯಾ, ಶ್ರೀಲಂಕಾಗಳಲ್ಲಿ, ಇದು ದಿನನಿತ್ಯದ ಗೋಳು. ಅದಕ್ಕೆ ಅವರು ಆಂಟೆನಾ ತಂತಿಯ ನಡುವೆ ‘ಬ್ಯಾಂಡ್ ಎಕ್ಸ್‌ಪ್ಯಾಂಡರ್’ ಅನ್ನುವ ಸಣ್ಣ ಡಬ್ಬಿ ಸೇರಿಸುತ್ತಾರೆ. ಅದು ಎಲ್ಲ ಸ್ಟೇಶನ್ನನ್ನೂ ಒಂದಿಷ್ಟು ಕೆಳಕ್ಕೆ ಇಳಿಸುತ್ತದೆ. 12 ಮೆಗಾಹರ್ಟ್ಸ್ ಇಳಿಸುವ ಡಬ್ಬಿಯಾದರೆ 98.3 ಕಾರಿನ ರೇಡಿಯೊದಲ್ಲಿ 86.3 ಆಗಿ ಕಾಣುತ್ತದೆ. ಪ್ರತಿ ಸಲ ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡಬೇಕು. ಆದರೂ ಹಾಡು ಬರುತ್ತದೆ.

ಸೋವಿಯತ್ ಒಕ್ಕೂಟ ಮತ್ತು ಅದರ ಬಳಗದ ಹೆಚ್ಚಿನ ದೇಶಗಳಲ್ಲಿ ಎಫ್‌ಎಂ ಇನ್ನೂ ಕೆಳಗೆ, ಸುಮಾರು 66ರಿಂದ 74ರ ನಡುವೆ ಇತ್ತು. ಅಲ್ಲಿ ಜೋಕಾಲಿಯೂ ಚಿಕ್ಕದು, 75ರ ಬದಲು 50 ಕಿಲೋಹರ್ಟ್ಸ್. ಗೂಟಗಳ ಅಂತರ 30. ಅಲ್ಲಿನ ರೇಡಿಯೊದಲ್ಲಿ ಪಶ್ಚಿಮದ ಸ್ಟೇಶನ್ ಬರುವ ಹಾಗಿಲ್ಲ, ಇಲ್ಲಿನದರಲ್ಲಿ ಅಲ್ಲಿನದು ಬರುವ ಹಾಗಿಲ್ಲ. ಬರ್ಲಿನ್ ಗೋಡೆ ಬಿದ್ದ ಮೇಲೆ ಒಂದೊಂದೇ ದೇಶ 87.5-108ಕ್ಕೆ ಬಂತು.

ಅಮೆರಿಕದಲ್ಲೂ ಮೊದಲು ಎಫ್‌ಎಂ ಈಗಿರುವ ಜಾಗದಲ್ಲಿ ಇರಲಿಲ್ಲ. ಎಫ್‌ಎಂ ಕಂಡುಹಿಡಿದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ ಹಾಕಿದ ಸ್ಟೇಶನ್ 42.8ರಲ್ಲಿತ್ತು. 1941ರ ಜನವರಿಯಿಂದ 42-50 ಮೆಗಾಹರ್ಟ್ಸ್ ಎಫ್‌ಎಂಗೆ ಸಿಕ್ಕಿತು. ಜನ ರೇಡಿಯೊ ಕೊಂಡರು. 1945ರಲ್ಲಿ ಸರ್ಕಾರ ‘ನಿಮ್ಮ ಜಾಗ ಇನ್ನು ಮೇಲೆ 88ರಿಂದ’ ಎಂದು ಎತ್ತಿ ಹಾಕಿತು. ಕೆಳಗಿನ ಫ್ರೀಕ್ವೆನ್ಸಿಗಳು ಕೆಲವು ಸಲ ಆಕಾಶದ ಮೇಲ್ಪದರಕ್ಕೆ ಬಡಿದು ಸಾವಿರಾರು ಕಿಲೋಮೀಟರ್ ದೂರ ಬೀಳುತ್ತವೆ, ಅದರಿಂದ ಕಾಟ ಅನ್ನುವುದು ಕೊಟ್ಟ ಕಾರಣ. ಟಿವಿ ಕಂಪನಿಗಳ ಒತ್ತಡವೂ ಇತ್ತು ಅಂತ ಇವತ್ತಿಗೂ ವಾದ ನಡೆಯುತ್ತದೆ. ಜನರ ಮನೆಯಲ್ಲಿದ್ದ ಲಕ್ಷಗಟ್ಟಲೆ ಎಫ್‌ಎಂ ಸೆಟ್‌ಗಳು ಮೂಲೆ ಸೇರಿದವು. ನಿಮ್ಮ ಸಂಕಟ ಅದರ ಮುಂದೆ ಚಿಕ್ಕದು ಸರ್.

ಒಂದು ಸಂಗತಿ ಗಮನಿಸಿ. ಕೆಳಗಿನ ಅಂಚು 66, 76, 87.5, 88 ಅಂತ ದೇಶಕ್ಕೊಂದು. ಮೇಲಿನ 108 ಮಾತ್ರ ಯಾರೂ ದಾಟಿಲ್ಲ. ಯಾಕೆಂದರೆ 108ರಿಂದ ಮೇಲೆ ವಿಮಾನಗಳದ್ದು. ರನ್‌ವೇಗೆ ದಾರಿ ತೋರಿಸುವ ಸಿಗ್ನಲ್‌ಗಳು ಅಲ್ಲಿವೆ. ಅದು ಚಾವಣಿ, ಒಡೆಯುವ ಹಾಗಿಲ್ಲ. ಅಲ್ಲಿಗೆ ಮುಟ್ಟಿದವರು ಇನ್ನೂ ಬೆಳೆಯುವುದಾದರೆ ಕೆಳಕ್ಕೇ ಬೆಳೆಯಬೇಕು. ಬ್ರೆಜಿಲ್ 2021ರಲ್ಲಿ ಹಾಗೇ ಮಾಡಿತು. ಟಿವಿ ಬಿಟ್ಟುಹೋದ 76-88ರ ಜಾಗಕ್ಕೆ ಮೀಡಿಯಂ ವೇವ್ ಸ್ಟೇಶನ್‌ಗಳನ್ನು ಕರೆದುಕೊಂಡು ಬಂತು.

ವಿಮಾನದಲ್ಲಿ ಎಫ್‌ಎಂ ರೇಡಿಯೊ ಹಾಕಬೇಡಿ ಅನ್ನುವುದೂ ಇದಕ್ಕೇ. ರೇಡಿಯೊ ಬರೀ ಕೇಳುವುದಿಲ್ಲ, ಒಳಗೆ ತಾನೂ ಒಂದು ಸಣ್ಣ ಸಿಗ್ನಲ್ ಹುಟ್ಟಿಸುತ್ತದೆ. ಸಾಮಾನ್ಯವಾಗಿ ಅದು ಕೇಳುವ ಸ್ಟೇಶನ್ನಿಗಿಂತ 10.7 ಮೆಗಾಹರ್ಟ್ಸ್ ಮೇಲಿರುತ್ತದೆ. 98.3 ಹಾಕಿದರೆ ಸೆಟ್ 109.0ರಲ್ಲಿ ಮೆಲ್ಲಗೆ ಗುನುಗುತ್ತಿರುತ್ತದೆ. ಅದು ನೇರ ವಿಮಾನದ ಕಿವಿಗೆ. ಅಮೆರಿಕದಲ್ಲಿ ಹತ್ತಿರದ ಎರಡು ಸ್ಟೇಶನ್‌ಗಳ ನಡುವೆ 10.6 ಅಥವಾ 10.8 ಮೆಗಾಹರ್ಟ್ಸ್ ವ್ಯತ್ಯಾಸ ಬಾರದಂತೆ ನೋಡಿಕೊಳ್ಳುವ ನಿಯಮವೂ ಇದೆ. ಎರಡೂ ಸೇರಿ ರೇಡಿಯೊದ ಒಳಗೆ ಆ 10.7ರ ಹತ್ತಿರ ಗಲಾಟೆ ಮಾಡುತ್ತವೆ ಅಂತ. ಸುಮ್ನೆ ಹೇಳಿದೆ, ನಿಮ್ಮ ಸಮಸ್ಯೆಗೆ ಇದು ಸಂಬಂಧವಿಲ್ಲ.

ಸಂಬಂಧವಿರುವ ಇನ್ನೊಂದು ವಿಷಯ ಇದೆ. ಬೆಂಗಳೂರಿನಲ್ಲಿ ಚೆನ್ನಾಗಿ ಬಂದಾಗಲೂ ಹಾಡು ಸ್ವಲ್ಪ ಮಂಕಾಗಿ, ತಾಳದ ಝಣಝಣ ಕಮ್ಮಿಯಾಗಿ ಕೇಳಿತೇ? ಅದು ನಿಮ್ಮ ಕಿವಿಯ ದೋಷವಲ್ಲ. ಪ್ರಸಾರ ಮಾಡುವವರು ಕೀಚಲು ಧ್ವನಿಯ ಭಾಗವನ್ನು ಸ್ವಲ್ಪ ಎತ್ತಿ ಕಳಿಸುತ್ತಾರೆ, ರೇಡಿಯೊ ಅದನ್ನು ಅಷ್ಟೇ ತಗ್ಗಿಸುತ್ತದೆ. ಶ್ ಶ್ ಸದ್ದು ಕಮ್ಮಿಯಾಗಲಿ ಅಂತ ಈ ಉಪಾಯ. ನಮ್ಮಲ್ಲಿ, ಯುರೋಪಿನಲ್ಲಿ ಎತ್ತುವ ಅಳತೆ 50 ಮೈಕ್ರೋಸೆಕೆಂಡ್. ಅಮೆರಿಕದಲ್ಲಿ 75. ನಿಮ್ಮ ಸೆಟ್ ನಾವು ಎತ್ತಿದ್ದಕ್ಕಿಂತ ಜಾಸ್ತಿ ತಗ್ಗಿಸುತ್ತದೆ. ಟ್ರೆಬಲ್ ಗುಂಡಿ ಇದ್ದರೆ ಸ್ವಲ್ಪ ಏರಿಸಿ, ಸರಿಹೋಗುತ್ತದೆ. ಇಲ್ಲಿಂದ ರೇಡಿಯೊ ಒಯ್ದ ಅಮೆರಿಕದ ಕನ್ನಡಿಗರಿಗೆ ಉಲ್ಟಾ ಅನುಭವ: ಸ್ಟೇಶನ್ ಎಲ್ಲ ಸಿಗುತ್ತದೆ, ಸದ್ದು ಮಾತ್ರ ಸ್ವಲ್ಪ ಚುರುಕು.

ಈಗ ಮಾಡಬೇಕಾದ ಕೆಲಸ. ಬಹಳಷ್ಟು ಡಿಜಿಟಲ್ ಸೆಟ್‌ಗಳಲ್ಲಿ ದೇಶ ಬದಲಿಸುವ ವ್ಯವಸ್ಥೆ ಅಡಗಿರುತ್ತದೆ. ಕೆಲವಕ್ಕೆ ಹಿಂದುಗಡೆಯೋ, ಬ್ಯಾಟರಿ ಮುಚ್ಚಳದ ಒಳಗೋ ಸಣ್ಣ ಸ್ವಿಚ್. ಕೆಲವಕ್ಕೆ ಸೆಟ್ ಆಫ್ ಮಾಡಿ ಯಾವುದೋ ಗುಂಡಿ ಒತ್ತಿ ಹಿಡಿಯಬೇಕು. ಕಾರಿನ ಸ್ಟೀರಿಯೊ, ಮೊಬೈಲಿನ ಎಫ್‌ಎಂ ಆ್ಯಪ್ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ರೀಜನ್’ ಅಥವಾ ‘ಏರಿಯಾ’ ಅಂತ ಇರುತ್ತದೆ. ಮಗನಿಗೆ ಹೇಳಿ, ಮಾಡೆಲ್ ನಂಬರ್ ಕೊಟ್ಟು ಮ್ಯಾನ್ಯುಯಲ್ ಹುಡುಕಿ ಕಳಿಸಲಿ. ಅದರಲ್ಲಿ ನೋಡಬೇಕಾದ್ದು ಎಫ್‌ಎಂ ಪುಟವಲ್ಲ, ಮೀಡಿಯಂ ವೇವ್ ಪುಟ. ‘9 ಕಿಲೋಹರ್ಟ್ಸ್ / 10 ಕಿಲೋಹರ್ಟ್ಸ್’ ಅಂತ ಒಂದು ಆಯ್ಕೆ ಇರುತ್ತದೆ. ಮೀಡಿಯಂ ವೇವ್‌ನಲ್ಲಿ ಅಮೆರಿಕದ ಹೆಜ್ಜೆ 10, ನಮ್ಮದು 9. ಹೆಚ್ಚಿನ ಸೆಟ್‌ಗಳಲ್ಲಿ ಇದನ್ನು 9ಕ್ಕೆ ತಿರುಗಿಸಿದರೆ ಎಫ್‌ಎಂ ಮೆಟ್ಟಿಲೂ ಜೊತೆಗೇ 100 ಅಥವಾ 50 ಆಗಿಬಿಡುತ್ತದೆ.

ಬದಲಾಯಿತೋ ಇಲ್ಲವೋ ಅಂತ ತಿಳಿಯುವುದು ಸುಲಭ. ಮೀಡಿಯಂ ವೇವ್ ಹಾಕಿ ಬೆಂಗಳೂರು ಆಕಾಶವಾಣಿ ಹುಡುಕಿ. ಅದು 612, ಅಂದರೆ 9ರ 68 ಪಟ್ಟು. ಧಾರವಾಡದ 765 ಕೂಡ 9ರ ಮಗ್ಗಿಯದೇ. ಸೆಟ್ 603, 612, 621 ಅಂತ ಹೋದರೆ ನಮ್ಮ ದಾರಿಗೆ ಬಂದಿದೆ. 600, 610, 620 ಅಂತ ಹೋಗುತ್ತಿದ್ದರೆ ಅದರ ಮನಸ್ಸು ಇನ್ನೂ ಅಮೆರಿಕದಲ್ಲೇ ಇದೆ. ಬದಲಿಸುವ ಮುಂಚೆ ಒಂದು ಚೀಟಿಯಲ್ಲಿ ನಿಮ್ಮ ಸ್ಟೇಶನ್‌ಗಳನ್ನು ಬರೆದಿಟ್ಟುಕೊಳ್ಳಿ, ಮೆಮೊರಿಯಲ್ಲಿ ಇಟ್ಟದ್ದೆಲ್ಲ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಹಾಗೇ ಅಡಾಪ್ಟರ್ ಮೇಲೆ ‘100-240’ ವೋಲ್ಟ್ ಅಂತ ಇದೆಯಾ ನೋಡಿಬಿಡಿ. ಬರೀ 120 ಅಂತಿದ್ದರೆ, ಇಷ್ಟು ದಿನ ನಡುವೆ ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸುತ್ತಿದ್ದಿರಿ ಅಂತ ಅರ್ಥ. ಅದನ್ನು ಮರೆತು ನೇರ ಪ್ಲಗ್‌ಗೆ ಹಾಕಬೇಡಿ.

ಅಂಥ ಆಯ್ಕೆ ಇಲ್ಲವೇ ಇಲ್ಲ ಅಂತಾದರೆ 100.5, 100.7 ಎರಡನ್ನೂ ಹಾಕಿ ಯಾವುದು ವಾಸಿ ನೋಡಿ, ಸ್ಟೀರಿಯೊ ಬದಲು ಮೋನೊ ಮಾಡಿ. ಆಗ ವಾರ್ತೆ, ಚಿಂತನ ಕೇಳುವಷ್ಟು ಆಗುತ್ತದೆ. ಸಂಗೀತಕ್ಕೆ ಸಾಲದು. ಸಂಗೀತಕ್ಕೆ ಮುಳ್ಳಿನ ಒಂದು ಸಣ್ಣ ರೇಡಿಯೊ ತಗೊಂಡುಬಿಡಿ, ಅದೇ ಅಂಗಡಿಯಲ್ಲಿ ಸಿಗುತ್ತದೆ.